ನೆಲದ ತಂತಿ

ಮೋಟಾರು ಸುತ್ತುವುದು ನನ್ನ ಕಸುಬು.
ಲುವಾನ್ಷ್ಯ ಊರಲ್ಲಿ, ಹಿಟ್ಟಿನ ಗಿರಣಿಯ ಪಕ್ಕ.
ಸುಟ್ಟ ಪಂಪು, ತಿರುಗದ ಫ್ಯಾನು,
ಗಣಿಯವರು ಬಿಸಾಕಿದ ಬ್ಲೋವರು, ಎಲ್ಲಕ್ಕೂ ಮುಟಿಂಟಾ.
ಗಿಟಾರು ಬಂದದ್ದು ಇದೇ ಮೊದಲು.

ಕಸೊಂಡೆ ಅದನ್ನು ಹೆಂಡತಿಯ ಚಿಟೆಂಗೆಯಲ್ಲಿ ಸುತ್ತಿ
ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡು ತಂದ.
ನಾಲ್ಕು ತಂತಿಯ ಬೇಸ್.
"ದನಿಯೇ ಇಲ್ಲ ಅಕ್ಕ.
ಭಾನುವಾರ ಪಾದ್ರಿಯ ಕೆಮ್ಮು ಇದಕ್ಕಿಂತ ಜೋರು."
ಜೇಬಿನಿಂದ ಪೊಟ್ಟಣ ತೆಗೆದ:
ಎರಡು ಹೊಸ ಪಿಕಪ್, ಬೆಂಕಿಪೆಟ್ಟಿಗೆಯಷ್ಟು ಒಂದು ಪ್ರಿಆಂಪ್,
ಎಂಟು ಮಡಿಕೆಯ ನಕ್ಷೆ, ನಮಗಿಬ್ಬರಿಗೂ ಬಾರದ ಭಾಷೆಯಲ್ಲಿ.

ಹಳೆಯದನ್ನು ಬಿಚ್ಚಿ ನೋಡಿದೆ.
ಅಯಸ್ಕಾಂತ, ಅದರ ಸುತ್ತ ತಾಮ್ರ.
ಇಷ್ಟೇನಾ! ನನ್ನದೇ ಕಸುಬು,
ಇರುವೆಗಳಿಗೆಂದು ಮಾಡಿದ್ದು.
ಕೂದಲಿಗಿಂತ ಸಪೂರ, ಹತ್ತು ಸಾವಿರ ಸುತ್ತು.
ಸುತ್ತಿದವರು ಯಾರೋ,
ನಡುವೆ ಒಮ್ಮೆಯೂ ಸೀನಿರಲಾರರು.

ತಾಮ್ರ ಕಂಡರೆ ಅಪ್ಪನಿಗೆ ಮಾತು ಬರುತ್ತದೆ.
"ಇದು ನಮ್ಮ ಶಾಫ್ಟಿನದೇ."
"ಹೇಗೆ ಗೊತ್ತು?"
"ಗೊತ್ತಿಲ್ಲ. ಆದರೂ."
ಹೋಗುವಾಗ ಹಲಗೆ ಹಲಗೆಯಾಗಿ ರೈಲು ಹತ್ತಿ,
ಬರುವಾಗ ಎಳೆಯಾಗಿ, ಲಕೋಟೆಯಲ್ಲಿ,
ನಮ್ಮಿಂದಲೇ ಸುಂಕ ಕಟ್ಟಿಸಿಕೊಂಡು.

ಬಿಳಿ ಎಳೆ ವಾಲ್ಯೂಮಿಗೆ, ಕರಿಯದು ಅದರ ಬೆನ್ನಿಗೆ.
ಕೆಂಪು, ಬ್ಯಾಟರಿಗೆ.
ಬ್ಯಾಟರಿಯ ಕರಿ ಎಳೆ ಮಾತ್ರ ಜಾಕಿನ ನಡು ಎಲೆಗೆ:
ಕೇಬಲ್ಲು ಚುಚ್ಚಿದರೆ ಎಚ್ಚರ, ಕಿತ್ತರೆ ನಿದ್ದೆ.
ಒಂಬತ್ತು ವೋಲ್ಟನ್ನು ನಾಲಗೆಗೆ ಮುಟ್ಟಿಸಿದೆ.
ಹುಳಿ. ಜೀವವಿದೆ.

ಎಂಟನೇ ಬೆಸುಗೆಗೆ ಕರೆಂಟು ಹೋಯಿತು.
ನಮ್ಮಲ್ಲಿ ಹೋಗುವುದಕ್ಕೆ ಹೊತ್ತುಂಟು, ಬರುವುದಕ್ಕಿಲ್ಲ.
ಪಕ್ಕದ ಬಾನಾ ಚಿಲೆಕ್ವಾಳ ಇದ್ದಿಲೊಲೆಯಲ್ಲಿ
ನ್ಶಿಮಾ ಬೇಯುತ್ತಿತ್ತು.
ಪಾತ್ರೆಯ ಬುಡಕ್ಕೆ ಒಂದು ದಪ್ಪ ತಾಮ್ರದ ಮೊಳೆ ತುರುಕಿ
ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ಹಿಡಿದು ಓಡಿದೆ.
"ನಿನ್ನ ಗಿಟಾರು ಬೇಯುವಷ್ಟರಲ್ಲಿ
ನನ್ನ ಮಕ್ಕಳಿಗೆ ಮದುವೆಯಾಗುತ್ತದೆ" ಅಂದಳು.
ರಾಳದ ಹೊಗೆ. ಹಿಟ್ಟಿನ ಹಬೆ.
ಸೀಸ ಹೊಳೆದು ಮಂಕಾಗುವ ತನಕ ಕೈ ಅಲುಗಬಾರದು,
ಅಲುಗಿದರೆ ಹೊರಗೆ ಬೆಸುಗೆ, ಒಳಗೆ ಬಿರುಕು.
ಒಂದು ಅಲುಗಿತು.
ಮತ್ತೆ ಓಡಿದೆ.

ಒಂಬತ್ತೂವರೆಗೆ ಬಲ್ಬು ಹತ್ತಿತು.
ಆಂಪ್ ಹಾಕಿದೆವು. ಗುಂಯ್ ಅಂದಿತು.
ಕಸೊಂಡೆ ಕೈ ಚಾಚಿದಷ್ಟೂ ಏರಿತು,
ತಂತಿ ಮುಟ್ಟಿದರೆ ಜೇನಿಗೆ ಕಲ್ಲು ಹೊಡೆದ ಹಾಗೆ.
ಜಾಕಿನ ತಗಡು ಮುಟ್ಟಿದ: ಮೌನ.
ತಂತಿ: ಗುಂಯ್.
ತಗಡು: ಮೌನ.
ದೆವ್ವ ಬಿಡಿಸುವವರನ್ನು ಕರೆಯೋಣವೇ
ಎಂಬ ಮುಖದಲ್ಲಿ ನನ್ನ ನೋಡಿದ.

ನಕ್ಷೆಯ ಮೂಲೆಯಲ್ಲಿ ಮೂರು ಗೆರೆ,
ಒಂದರ ಕೆಳಗೊಂದು, ಒಂದಕ್ಕಿಂತ ಒಂದು ಗಿಡ್ಡ.
ಆ ಗುರುತಿಗೆ ಭಾಷೆ ಬೇಡ. ನೆಲ.
ಬ್ರಿಜ್ಜಿನ ಅಡಿಯ ಬೋಳು ಎಳೆಯನ್ನು ಮರೆತೇಬಿಟ್ಟಿದ್ದೆ.
ಮೋಟಾರಿಗೆ ಮರೆತಿದ್ದರೆ ಯಾರಾದರೂ ಸಾಯುತ್ತಿದ್ದರು.
ಅಪ್ಪ ಬೇರೆ ನೋಡುತ್ತಿದ್ದ.

ಬೆಸೆದೆ.
ಈಗ ಅವನ ಬೆರಳು ತಾಗಿದ್ದೇ ತಡ, ಎಲ್ಲ ಅಡಗಿತು.
ಯಾರಾದರೂ ಮುಟ್ಟಿಕೊಂಡಿದ್ದರೆ
ಸುಮ್ಮನಿರುವ ಜಾತಿ ಅದು, ಎಳೆ ಮಕ್ಕಳ ಹಾಗೆ.
ಎಲ್ಲಕ್ಕಿಂತ ದಪ್ಪ ತಂತಿಯನ್ನು ಒಮ್ಮೆ ಮೀಟಿದ.
ಬೆಂಚಿನ ಮೇಲೆ ಬೋಲ್ಟುಗಳು ನಡೆದವು.
ಗಿರಣಿಯ ತಗಡಿನಿಂದ ಹಿಟ್ಟು ಉದುರಿತು.
ಅಪ್ಪ ಕುರ್ಚಿಯಿಂದ ಅರ್ಧ ಎದ್ದ,
ಕೆಳಗೆ ಮದ್ದು ಸಿಡಿದಾಗ ಏಳುತ್ತಿದ್ದ ಹಾಗೆ,
ಗೋಡೆ ಹಿಡಿದು ನಿಂತ,
ಬಂಡೆ ಬೀಳಲಿಲ್ಲ, ಕೂತ,
ಆಮೇಲೆ ಅವನ ಹಿಮ್ಮಡಿ ಮೆಲ್ಲಗೆ ತಾಳಕ್ಕೆ ಬಿತ್ತು.

ದುಡ್ಡು ಅರ್ಧ ಕೊಟ್ಟ. ಉಳಿದದ್ದು ಕಾಣಿಕೆ ಬಂದ ಮೇಲೆ.
ಬೀದಿಯ ತಿರುವಿನ ತನಕ ಕೂಗಿದೆ:
ಕೇಬಲ್ಲು ಕಿತ್ತಿಡು ಮಾರಾಯ, ಬ್ಯಾಟರಿ ಸಾಯುತ್ತದೆ!

ಶನಿವಾರ ಹಳೆ ಪಿಕಪ್ಪಿನ ತಾಮ್ರ ಬಿಡಿಸಿ
ಗುಜರಿಯವನ ತಕ್ಕಡಿಗೆ ಹಾಕಿದೆ.
ಹತ್ತು ಸಾವಿರ ಸುತ್ತು, ಅನ್ನಲು ಹೋಗಿ ಬಿಟ್ಟೆ.
ಅವನು ತಕ್ಕಡಿಯನ್ನು ಬೆರಳಲ್ಲಿ ತಟ್ಟಿ ನೋಡಿದ.
ಮುಳ್ಳು ಅಲುಗಲಿಲ್ಲ.